ಬಂಡೆಯ ಹೊರೆ: ಗಣಿಯಲ್ಲಿ ಭೂತಾಂತ್ರಿಕ ಎಂಜಿನಿಯರನ ಕಾರ್ಯ



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರು ಅದರ ವಿಷಯವು ಲೋಕೋಪಯೋಗಿಯಾಗಿರಬೇಕೆಂದೂ, ಆ ಶಾಸ್ತ್ರವನ್ನು ಅಭ್ಯಾಸ ಮಾಡದವರಿಗೂ ತಿಳಿಯುವಂತೆ ಅದನ್ನು ಕನ್ನಡದಲ್ಲಿ ನಿರೂಪಿಸತಕ್ಕದ್ದೆಂದೂ ವಿಧಿಸಿರುವುದರಿಂದ, ಕಾವ್ಯಕ್ಕೂ ದರ್ಶನಕ್ಕೂ ಹೆಚ್ಚು ಪರಿಚಿತವಾದ ಈ ವೇದಿಕೆಯ ಮೇಲೆ ಗಣಿಯ ವಿಚಾರವನ್ನೆತ್ತಲು ನನಗೆ ಧೈರ್ಯ ಬಂದಿದೆ. ಕನ್ನಡನಾಡಿನಲ್ಲಿ ಈ ವಿಷಯವು ಪರಕೀಯವೇನಲ್ಲ. ಕೋಲಾರದ ಚಿನ್ನದ ಗಣಿಗಳು ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದವೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಓದಿದ್ದೇವೆ. ಅಷ್ಟು ಆಳದಲ್ಲಿ ಬಂಡೆಯು ಹೇಗೆ ವರ್ತಿಸುತ್ತಿತ್ತೆಂಬುದನ್ನೂ, ಆ ವರ್ತನೆಯನ್ನು ಅರಿಯಲು ನಡೆದ ಪ್ರಯತ್ನವನ್ನೂ ಮಾತ್ರ ನಮಗೆ ಯಾರೂ ಹೇಳಲಿಲ್ಲ.

ಗಣಿಯೆಂದೊಡನೆ ನಮ್ಮ ಕಲ್ಪನೆಗೆ ಬರುವವರು ಮೂವರು: ಅದಿರು ಎಲ್ಲಿದೆಯೆಂದು ಕಂಡುಹಿಡಿಯುವ ಭೂವಿಜ್ಞಾನಿ, ಅದನ್ನು ಅಗೆದು ಮೇಲಕ್ಕೆ ತರುವ ಗಣಿ ಎಂಜಿನಿಯರು, ತಂದದ್ದರಿಂದ ಲೋಹವನ್ನು ಬೇರ್ಪಡಿಸುವ ಲೋಹಶಾಸ್ತ್ರಜ್ಞ. ಅದಿರನ್ನು ತೆಗೆದ ಮೇಲೆ ಉಳಿದ ನೆಲವು ಏನು ಮಾಡೀತು ಎಂಬುದನ್ನು ಮುಂಚಿತವಾಗಿ ಹೇಳತಕ್ಕ ನಾಲ್ಕನೆಯವನೊಬ್ಬನಿದ್ದಾನೆ. ಅವನೇ ಭೂತಾಂತ್ರಿಕ ಎಂಜಿನಿಯರು. ಸೇತುವೆಯನ್ನು ಕಟ್ಟುವವನಿಗೆ ತನ್ನ ಉಕ್ಕನ್ನು ಆರಿಸಿಕೊಳ್ಳುವ, ಪರೀಕ್ಷಿಸುವ, ದೋಷವಿದ್ದರೆ ತಿರಸ್ಕರಿಸುವ ಸ್ವಾತಂತ್ರ್ಯವುಂಟು. ಗಣಿಯವನಿಗೆ ದೊರೆಯುವುದು ಕೋಟ್ಯಂತರ ವರ್ಷಗಳ ಹಿಂದೆ ಉಂಟಾಗಿ, ಆಮೇಲೆ ಮಡಿಸಿಹೋಗಿ, ಸೀಳಿ, ಜಾರಿ, ಕಾದು, ತಣಿದು ಬಂದ ಬಂಡೆ. ಅದರಲ್ಲಿ ಅವನ ಕಣ್ಣಿಗೆ ಬೀಳುವುದು ಕೊರೆದ ಕೆಲವು ರಂಧ್ರಗಳಿಂದ ಹೊರಬಂದ ಭಾಗ ಮಾತ್ರ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಸೇತುವೆಯು ನೂರು ವರ್ಷ ನಿಲ್ಲಬೇಕು; ಗಣಿಯೊಳಗಿನ ಒಂದು ಪೊಳ್ಳು ಆರು ತಿಂಗಳು ನಿಂತರೆ ಸಾಕಾಗಿ, ಆಮೇಲೆ ಅದು ಕುಸಿಯುವುದೇ ಇಷ್ಟವಾಗಿರಬಹುದು. ಆದಕಾರಣ ಯಾವುದು ಬೀಳಬಹುದು, ಯಾವಾಗ ಬೀಳಬಹುದು, ಬೀಳುವಾಗ ಅಲ್ಲಿ ಯಾರಿರಕೂಡದು ಎಂಬ ಮೂರನ್ನು ನಿರ್ಣಯಿಸುವುದೇ ಅವನ ವಿದ್ಯೆ. ಆ ನಿರ್ಣಯವನ್ನು ಗಣಿ ನಡೆಸುವವರು ಮನ್ನಿಸುವಂತೆ ಮಾಡುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಮುಂದೆ ನೋಡುವೆವು.

ಅವನ ದಿನಚರಿಯ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಕೊರೆಯುವ ಯಂತ್ರದಿಂದ ಹೊರತೆಗೆದ ಶಿಲಾದಂಡವನ್ನು, ಗಣಿಯವರ ಮಾತಿನಲ್ಲಿ ಕೋರನ್ನು, ಉದ್ದುದ್ದವಾದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಎಂಜಿನಿಯರನು ಅಳತೆಯ ಪಟ್ಟಿಯನ್ನು ಹಿಡಿದು ಕುಳಿತು, ಪ್ರತಿಯೊಂದು ತುಂಡಿನ ಉದ್ದವನ್ನೂ ಬರೆದುಕೊಳ್ಳುತ್ತಾನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡಾನ್ ಡೀರ್ ಅವರು 1960ರ ದಶಕದಲ್ಲಿ ರೂಪಿಸಿದ ಮಾನದಂಡದಂತೆ, 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ತುಂಡುಗಳ ಉದ್ದವನ್ನೆಲ್ಲ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸಿ, ಶೇಕಡಾವಾರು ಲೆಕ್ಕ ಹಾಕಬೇಕು. ಒಂದೂವರೆ ಮೀಟರಿನ ಕೊರೆತದಲ್ಲಿ ಅಂಥ ತುಂಡುಗಳು ಒಂದು ಮೀಟರು ಇಪ್ಪತ್ತು ಸೆಂಟಿಮೀಟರಿದ್ದರೆ ಬಂಡೆಯ ಗುಣ 80. ಕೂಡಿ ಕಳೆಯಬಲ್ಲ ಬಾಲಕನೂ ಇದನ್ನು ಮಾಡಿಯಾನು. ಕಷ್ಟವಿರುವುದು ಬೇರೆಡೆಯಲ್ಲಿ: ಈ ಮುರಿತವು ಬಂಡೆಯಲ್ಲಿ ಮೊದಲೇ ಇದ್ದುದೋ, ಕೊರೆಯುವಾಗ ಅಥವಾ ಪೆಟ್ಟಿಗೆಗೆ ಹಾಕುವಾಗ ಆದುದೋ? ಹೊಸ ಮುರಿತದ ಮುಖವು ಸ್ವಚ್ಛವಾಗಿ, ಒರಟಾಗಿ, ಹೊಳೆಯುತ್ತಿರುತ್ತದೆ. ಹಳೆಯದರ ಮೇಲೆ ಕಬ್ಬಿಣದ ಕಂದು ಬಣ್ಣವೋ ಸುಣ್ಣದ ಬಿಳಿಯ ಪೊರೆಯೋ ಕೂಡಿರುತ್ತದೆ. ಬೆರಳಿನಿಂದ ಉಜ್ಜಿದಾಗ ಜಿಡ್ಡಿನಂತೆ ಜಾರುವ ತೆಳುವಾದ ಜೇಡಿಯಿದ್ದರಂತೂ ಎಂಜಿನಿಯರನು ಪೆನ್ನನ್ನು ಕೆಳಗಿಟ್ಟು ಆ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಏಕೆಂದರೆ ಸಾವಿರಾರು ಟನ್ನು ಗಟ್ಟಿ ಬಂಡೆಯ ಭವಿಷ್ಯವನ್ನು ಎಷ್ಟೋ ಸಲ ನಿರ್ಧರಿಸುವುದು ಈ ಎರಡು ಮಿಲಿಮೀಟರಿನ ಜೇಡಿಯೇ.

ಹೀಗೆ ಕಂಡದ್ದನ್ನು ಅಂಕಗಳಾಗಿ ಪರಿವರ್ತಿಸುವ ಪದ್ಧತಿಗಳು 1970ರ ದಶಕದಲ್ಲಿ ಹುಟ್ಟಿದವು. ದಕ್ಷಿಣ ಆಫ್ರಿಕದಲ್ಲಿ ಬೀನಿಯಾವ್ಸ್ಕಿಯವರು 1973ರಲ್ಲಿ ಒಂದನ್ನೂ, ನಾರ್ವೆಯಲ್ಲಿ ಬಾರ್ಟನ್ ಮತ್ತು ಸಂಗಡಿಗರು ಇನ್ನೂರಕ್ಕೂ ಹೆಚ್ಚು ಸುರಂಗಗಳ ಅನುಭವವನ್ನು ಆಧರಿಸಿ 1974ರಲ್ಲಿ ಇನ್ನೊಂದನ್ನೂ ಪ್ರಕಟಿಸಿದರು. ಇಂದು ಜಗತ್ತಿನ ಯಾವ ಗಣಿಗೆ ಹೋದರೂ ಈ ಅಂಕಗಳ ಭಾಷೆ ಕೇಳಿಬರುತ್ತದೆ. ಇದು ಉಪಕಾರವೇ ಸರಿ. ಆದರೆ ಬಂಡೆಯ ಮುಂದೆ ನಿಲ್ಲದೆ ಕೋಷ್ಟಕದ ಮುಂದೆ ಕುಳಿತು ಅಂಕ ಹಾಕುವ ಅಭ್ಯಾಸವೂ ಇದರಿಂದಲೇ ಬೆಳೆಯಿತೆಂಬುದನ್ನು ಹೇಳದೆ ಬಿಟ್ಟರೆ ಅರ್ಧ ಸತ್ಯವನ್ನು ಹೇಳಿದಂತಾದೀತು.

ಇನ್ನು ಆಳದ ಮಾತು. ಕೋಲಾರದ ಚಿನ್ನವಿದ್ದುದು ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಶಿಲೆಯ ನಡುವೆ ಹಾದುಹೋದ ಬಿಳಿಯ ಕ್ವಾರ್ಟ್ಸ್ ಪದರುಗಳಲ್ಲಿ. ಆ ಶಿಲೆಯ ಒಂದು ಘನ ಮೀಟರು ಸುಮಾರು 2.9 ಟನ್ನು ತೂಗುತ್ತದೆಂದು ಹಿಡಿದರೆ, 3,000 ಮೀಟರು ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೆ ಸುಮಾರು 8,700 ಟನ್ನು ಭಾರ ಕುಳಿತಿರುತ್ತದೆ. ಚಾಂಪಿಯನ್ ರೀಫ್ ಗಣಿಯು ಅದಕ್ಕಿಂತಲೂ ಕೆಳಕ್ಕೆ, ಸುಮಾರು 3,200 ಮೀಟರಿನವರೆಗೆ ಇಳಿದಿತ್ತು. ಅಲ್ಲಿ ಬಂಡೆಯ ಮೈಶಾಖವೇ 65 ಡಿಗ್ರಿ ಸೆಲ್ಸಿಯಸ್ಸಿನಷ್ಟು. ಮೇಲಿನ ಭಾರದ ಜೊತೆಗೆ ಪಕ್ಕದಿಂದ ಒತ್ತುವ ಬಲವೂ ಇರುತ್ತದೆ. ಭೂಮಿಯ ಪುರಾತನ ಗಟ್ಟಿ ಶಿಲೆಯ ಪ್ರದೇಶಗಳಲ್ಲಿ ಪಕ್ಕದ ಒತ್ತಡವು ಮೇಲಿನದಕ್ಕಿಂತ ಅಧಿಕವಾಗಿರುವುದೂ ಉಂಟು.

ಬಂಡೆಯಲ್ಲಿ ಪೊಳ್ಳನ್ನು ಮಾಡಿದೊಡನೆ ಈ ಭಾರವು ಎಲ್ಲಿಗೆ ಹೋಗುತ್ತದೆ? ಪಲ್ಲಕ್ಕಿಯನ್ನು ಹೊತ್ತ ಎಂಟು ಜನರಲ್ಲಿ ಒಬ್ಬನು ಸರಿದು ನಿಂತರೆ ಹೊರೆಯು ಕಡಿಮೆಯಾಗುವುದಿಲ್ಲ; ಉಳಿದವರ ಹೆಗಲಿಗೆ, ಅದರಲ್ಲಿಯೂ ಸರಿದವನ ಹಿಂದೆ ಮುಂದೆ ಇದ್ದವರ ಹೆಗಲಿಗೆ ಹೆಚ್ಚಾಗಿ ಬೀಳುತ್ತದೆ. ಬಂಡೆಯೂ ಹಾಗೆಯೇ. ಜರ್ಮನಿಯ ಕಿರ್ಷ್ ಎಂಬ ಎಂಜಿನಿಯರು 1898ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದನು: ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುತ್ತಿರುವ ವಸ್ತುವಿನಲ್ಲಿ ದುಂಡನೆಯ ರಂಧ್ರವನ್ನು ಮಾಡಿದರೆ ಅದರ ಅಂಚಿನಲ್ಲಿ ಒತ್ತಡವು ಎರಡರಷ್ಟಾಗುತ್ತದೆ, ಒಂದೇ ದಿಕ್ಕಿನಿಂದ ಒತ್ತುತ್ತಿದ್ದರೆ ಮೂರರಷ್ಟಾಗುತ್ತದೆ. ಇಂದಿಗೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಕಲಿಯುವ ಲೆಕ್ಕವಿದು. ವಿಚಿತ್ರವೆಂದರೆ, ಕಿರ್ಷನು ಕಾಗದದ ಮೇಲೆ ಇದನ್ನು ಬಿಡಿಸುತ್ತಿದ್ದ ಕಾಲದ ಆಸುಪಾಸಿನಲ್ಲಿಯೇ, ಅವನ ಹೆಸರನ್ನೂ ಕೇಳದಿದ್ದ ಕೋಲಾರದ ಕೂಲಿಗಳು ಅದೇ ಲೆಕ್ಕದ ಫಲವನ್ನು ಸುರಂಗದ ಗೋಡೆಗಳಲ್ಲಿ ಕಾಣತೊಡಗಿದ್ದರು.

ಗೋಡೆಯ ಬಂಡೆಯು ಸಿಡಿಯುವ ಈ ವಿದ್ಯಮಾನಕ್ಕೆ ಅಲ್ಲಿ ಮೊದಲು ಇದ್ದ ಹೆಸರು ಏರ್ ಬ್ಲಾಸ್ಟ್. ಬಂಡೆಯು ಯಾವ ಮುನ್ಸೂಚನೆಯನ್ನೂ ಕೊಡದೆ ಸಿಡಿದು, ಚೂರುಗಳು ಗುಂಡಿನಂತೆ ಹಾರಿ, ಗಾಳಿಯ ಹೊಡೆತಕ್ಕೆ ದೀಪಗಳು ಆರಿಹೋಗುತ್ತಿದ್ದುದರಿಂದ, ಸಿಕ್ಕಿಹಾಕಿಕೊಂಡಿದ್ದ ಗಾಳಿಯೇ ಸಿಡಿಯಿತೆಂದು ಜನರು ಊಹಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು 1904ರಲ್ಲಿ ಈ ಸಿಡಿತಗಳನ್ನೂ ಕಂಪನಗಳನ್ನೂ ಕುರಿತು ಒಂದು ಬುಲೆಟಿನ್ನನ್ನೇ ಬರೆದರು. ಈ ವಿಷಯದಲ್ಲಿ ಜಗತ್ತಿನಲ್ಲಿಯೇ ಮೊದಮೊದಲ ಶಾಸ್ತ್ರೀಯ ಬರಹಗಳಲ್ಲಿ ಅದೂ ಒಂದು. ಮುಂದೆ ರಾಕ್‌ಬರ್ಸ್ಟ್, ಅಂದರೆ ಶಿಲಾಸ್ಫೋಟವೆಂಬ ಹೆಸರು ನೆಲೆಗೊಂಡಿತು. ಬಂಡೆಯು ತನ್ನ ಬಲಕ್ಕೆ ಮೀರಿ ಒತ್ತಡವನ್ನು ಕೂಡಿಟ್ಟುಕೊಂಡು, ಒಂದು ಕ್ಷಣದಲ್ಲಿ ಅದನ್ನೆಲ್ಲ ಬಿಟ್ಟುಕೊಡುವುದೇ ಇದರ ಸ್ವರೂಪ. ಮೆತ್ತನೆಯ ಶಿಲೆಯು ಹೀಗೆ ಸಿಡಿಯಲಾರದು, ನಿಧಾನವಾಗಿ ಬಾಗಿ ಹಿಸುಕಿಕೊಳ್ಳುತ್ತದೆ. ಸಿಡಿಯುವುದು ಗಟ್ಟಿಯಾದ, ಬಿರುಸಾದ, ನೋಡುವವರಿಗೆ ಭರವಸೆ ಹುಟ್ಟಿಸುವಂಥ ಬಂಡೆಯೇ.

ಇದಕ್ಕೆ ಮದ್ದೇನು? ಮೊದಲು ಮರದ ದಿಮ್ಮಿಗಳನ್ನು ಒಟ್ಟಿ ಆಧಾರ ಕೊಟ್ಟರು. ಆಮೇಲೆ ಅದಿರು ತೆಗೆದ ಪೊಳ್ಳುಗಳನ್ನು, ಅಂದರೆ ಸ್ಟೋಪುಗಳನ್ನು, ಕೆತ್ತಿದ ಗ್ರಾನೈಟಿನ ಕಟ್ಟಡದಿಂದ ತುಂಬತೊಡಗಿದರು: ಎರಡು ಮೈಲಿ ಆಳದಲ್ಲಿ, ಆ ಸೆಕೆಯಲ್ಲಿ, ಮೇಲಿನಿಂದ ಕಲ್ಲನ್ನು ಇಳಿಸಿ ಗೋಡೆ ಕಟ್ಟುತ್ತಿದ್ದರು. ಕಡೆಗಾಲದಲ್ಲಿ ಕಾಂಕ್ರೀಟು ಬಂದಿತು. ಆದರೂ ಸಿಡಿತ ನಿಲ್ಲಲಿಲ್ಲ. ಆಧಾರವೆಷ್ಟು ಬಲವಾಗಿದೆಯೆಂಬುದಕ್ಕಿಂತ ಅದಿರನ್ನು ಯಾವ ಅನುಕ್ರಮದಲ್ಲಿ ತೆಗೆಯಲಾಗಿದೆಯೆಂಬುದು ಹೆಚ್ಚು ನಿರ್ಣಾಯಕವೆಂದು ಅನುಭವವು ಕಲಿಸಿತು. ಚಿನ್ನವು ಪದರಿನ ಉದ್ದಕ್ಕೂ ಒಂದೇ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸಂಪನ್ನವಾದ ಭಾಗಗಳನ್ನು ಮೊದಲು ತೆಗೆದಾಗ ಅವುಗಳ ನಡುವಿನ ಬಡಭಾಗಗಳು ದ್ವೀಪಗಳಂತೆ ಉಳಿದುಕೊಂಡವು. ಸುತ್ತಲಿನ ಭಾರವೆಲ್ಲ ಆ ದ್ವೀಪಗಳ ಮೇಲೆ ಬಂದು ಕೂತಿತು. ಎರಡು ಕಡೆಯಿಂದಲೂ ಎದುರುಬದುರಾಗಿ ಅಗೆಯುತ್ತ ಬಂದು, ನಡುವೆ ಕಿರಿದಾದ ತುಂಡೊಂದು ಉಳಿದಾಗ, ಅದನ್ನು ತೆಗೆಯಲು ಹೋದವರೇ ಸಿಡಿತಕ್ಕೆ ಬಲಿಯಾಗುತ್ತಿದ್ದರು. ಸ್ತರಭಂಗವೋ, ಬಂಡೆಯನ್ನು ಸೀಳಿ ಗೋಡೆಯಂತೆ ಅಡ್ಡ ಹಾದ ಬೇರೆ ಶಿಲೆಯೋ (ಡೈಕ್) ಹತ್ತಿರವಿದ್ದರಂತೂ ಅಪಾಯ ಇಮ್ಮಡಿ. ಆದಕಾರಣ ದ್ವೀಪಗಳನ್ನು ಉಳಿಸದೆ, ಒಂದೇ ಮುಖವಾಗಿ, ಭಂಗವಿರುವ ಎಡೆಯಿಂದ ದೂರಕ್ಕೆ ಸರಿಯುತ್ತ ಅಗೆಯಬೇಕೆಂಬ ನಿಯಮವು ರೂಪುಗೊಂಡಿತು. ಇಂದು ಆಳದ ಗಣಿಗಳಲ್ಲೆಲ್ಲ ಇದು ಮೂಲಪಾಠ. ಕೋಲಾರದಲ್ಲಿ ಏರಿಯಾ ರಾಕ್‌ಬರ್ಸ್ಟ್ ಎಂದು ಕರೆಯುತ್ತಿದ್ದ ಘಟನೆಗಳಲ್ಲಿ ಒಂದು ದೊಡ್ಡ ಸಿಡಿತದ ಬೆನ್ನಿಗೆ ದಿನಗಟ್ಟಲೆ ಸರಮಾಲೆಯಾಗಿ ಸಿಡಿತಗಳಾಗಿ, ಎಷ್ಟೋ ಲೆವೆಲುಗಳು, ಅಂದರೆ ಗಣಿಯೊಳಗಿನ ಅಂತಸ್ತುಗಳು, ಹಾಳಾಗಿ, ಮೇಲೆ ನೆಲದ ಮೇಲಿನ ಮನೆಗಳ ಗೋಡೆಗಳೂ ಬಿರುಕು ಬಿಡುತ್ತಿದ್ದುವು.

ಎಂಜಿನಿಯರನ ಶಾಸ್ತ್ರಕ್ಕೆ ಮೊದಲೇ ಕಾರ್ಮಿಕರದೊಂದು ಶಾಸ್ತ್ರವಿತ್ತು. ಪಾಳಿಯ ಆರಂಭದಲ್ಲಿ ಮೇಸ್ತ್ರಿಯು ಉದ್ದನೆಯ ಕಬ್ಬಿಣದ ಸರಳಿನಿಂದ ಸೂರಿನ ಬಂಡೆಯನ್ನು ತಟ್ಟುತ್ತ ಹೋಗುತ್ತಾನೆ. ಗಂಟೆಯಂತೆ ನಾದ ಬಂದರೆ ಅದು ಗಟ್ಟಿ. ಪೊಳ್ಳು ಸದ್ದು ಬಂದರೆ ಹಿಂದೆ ಬಿರುಕಿದೆಯೆಂದು ತಿಳಿದು, ಪಕ್ಕಕ್ಕೆ ನಿಂತು, ಸರಳಿನ ತುದಿಯಿಂದ ಮೀಟಿ ಆ ಚಕ್ಕೆಯನ್ನು ಕೆಡವುತ್ತಾನೆ. ಮೀಟುವವನು ಯಾವಾಗಲೂ ಗಟ್ಟಿ ಸೂರಿನ ಕೆಳಗೆ ನಿಂತು ಸಡಿಲ ಸೂರಿನ ಕಡೆಗೆ ಕೈಚಾಚಬೇಕು, ಓಡಲು ದಾರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರಬೇಕು. ಮರದ ಕಂಬವನ್ನು ಅನೇಕ ದೇಶಗಳ ಗಣಿಗಾರರು ಕಬ್ಬಿಣಕ್ಕಿಂತ ಹೆಚ್ಚಾಗಿ ನಂಬುತ್ತಿದ್ದರು. ಭಾರ ಹೆಚ್ಚಾದಾಗ ಮರವು ಮುರಿಯುವುದಕ್ಕೆ ಮೊದಲು ಕಿರುಗುಟ್ಟುತ್ತದೆಂಬುದೇ ಕಾರಣ. ಇಂದಿನ ವಿಜ್ಞಾನವು ಇದನ್ನು ಅಲ್ಲಗಳೆಯಲಿಲ್ಲ. ಆಳದ ಗಣಿಗಳಲ್ಲಿ ಬಂಡೆಯನ್ನು ಹಿಡಿದಿಡಲು ಅದರೊಳಕ್ಕೆ ಈಗ ಹೊಗಿಸುವ ಬೋಲ್ಟುಗಳನ್ನು ಬಂಡೆಯೊಡನೆ ಸ್ವಲ್ಪ ಜಾರಿ, ಶಕ್ತಿಯನ್ನು ಹೀರಿಕೊಂಡು, ಆದರೂ ಕೈಬಿಡದಿರುವಂತೆ ರಚಿಸಿರುತ್ತಾರೆ. ಬಗ್ಗದೆ ಸೆಟೆದು ನಿಲ್ಲುವ ಆಧಾರವು ಸಿಡಿತದ ಮುಂದೆ ತುಂಡಾಗುತ್ತದೆಂಬುದನ್ನು ಎಂಜಿನಿಯರರು ತಡವಾಗಿ ಒಪ್ಪಿಕೊಂಡರು.

ಸರಳಿಗೆ ಕೇಳಿಸದ ಸದ್ದುಗಳನ್ನು ಕೇಳುವ ವ್ಯವಸ್ಥೆ ಕೋಲಾರಕ್ಕೆ 1978ರಲ್ಲಿ ಬಂದಿತು. ಗೌರಿಬಿದನೂರಿನಲ್ಲಿ ಭೂಕಂಪನ ಕೇಂದ್ರವನ್ನು ನಡೆಸುತ್ತಿದ್ದ ಭಾಭಾ ಪರಮಾಣು ಸಂಶೋಧನ ಕೇಂದ್ರದ ನೆರವಿನಿಂದ ಗಣಿಯ ಸುತ್ತ ನೆಲದ ಕಂಪನವನ್ನು ಗ್ರಹಿಸುವ ಜಿಯೋಫೋನುಗಳ ಜಾಲವನ್ನು ಹಾಕಲಾಯಿತು. ಬಂಡೆಯೊಳಗೆ ಕಿರಿದಾದ ಬಿರುಕೊಂದು ಹುಟ್ಟಿದರೂ ಅದರ ಕಂಪನವು ಸೆಕೆಂಡಿಗೆ ಐದಾರು ಕಿಲೋಮೀಟರು ವೇಗದಲ್ಲಿ ಎಲ್ಲ ದಿಕ್ಕಿಗೂ ಹರಡಿ, ಒಂದೊಂದು ಜಿಯೋಫೋನನ್ನು ಒಂದೊಂದು ಗಳಿಗೆಯಲ್ಲಿ ಮುಟ್ಟುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮವಾದ ಈ ಕಾಲವ್ಯತ್ಯಾಸಗಳಿಂದ ಬಿರುಕು ಹುಟ್ಟಿದ ಸ್ಥಳವನ್ನು ಗಣಿತದ ಮೂಲಕ ಕಂಡುಹಿಡಿಯಬಹುದು. ಯಾವ ಎಡೆಯಲ್ಲಿ ಇಂಥ ಸಣ್ಣ ಸದ್ದುಗಳು ಗುಂಪುಗೂಡುತ್ತಿವೆಯೆಂದು ನೋಡಿ ಅಲ್ಲಿ ಕೆಲಸವನ್ನು ನಿಲ್ಲಿಸಬಹುದು. ಗಂಟೆ ನಿಮಿಷಗಳನ್ನು ಗುರುತಿಟ್ಟು ಸಿಡಿತವನ್ನು ಮುನ್ನುಡಿಯುವ ಸಾಮರ್ಥ್ಯವು ಮಾತ್ರ ಯಾರಿಗೂ ಇಂದಿಗೂ ಬಂದಿಲ್ಲ. ಬಂದಿದೆಯೆಂದು ಹೇಳುವವರನ್ನು ನಂಬಬಾರದು. ಖಚಿತವಾಗಿ ತಿಳಿದಿರುವುದೊಂದು: ಬಂಡೆಯನ್ನೊಡೆಯಲು ಸಿಡಿಮದ್ದು ಹಾರಿಸಿದ ಕೂಡಲೆ ಕಂಪನಗಳು ದಟ್ಟವಾಗಿ ಬಂದು, ಜಪಾನಿನ ಓಮೋರಿಯು 1894ರಲ್ಲಿ ಭೂಕಂಪಗಳ ವಿಷಯದಲ್ಲಿ ಕಂಡುಕೊಂಡ ನಿಯಮದಂತೆಯೇ, ಕ್ರಮೇಣ ವಿರಳವಾಗುತ್ತವೆ. ಆದ್ದರಿಂದ ಎಲ್ಲರೂ ಮೇಲಕ್ಕೆ ಬಂದ ಮೇಲೆ ಮದ್ದು ಹಾರಿಸುವುದು, ಕಂಪನವು ತಗ್ಗುವವರೆಗೆ ಒಳಕ್ಕೆ ಬಿಡದಿರುವುದು: ಈ ಎರಡು ಕಟ್ಟಳೆಗಳು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. 1988ರಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಸ್ಥಾಪಿತವಾದುದು ಆಕಸ್ಮಿಕವಲ್ಲ. ಆ ಶಾಸ್ತ್ರವನ್ನು ಕಲಿಸಲು ಕೋಲಾರಕ್ಕಿಂತ ದುಬಾರಿಯಾದ ಪಾಠಶಾಲೆ ನಮ್ಮ ದೇಶದಲ್ಲಿರಲಿಲ್ಲ.

ಕೋಲಾರದಲ್ಲಿ ದ್ವೀಪಗಳು ತಾವಾಗಿ ಉಳಿದವು. ಕಲ್ಲಿದ್ದಲ ಗಣಿಗಳಲ್ಲಿ ಅವನ್ನು ಬೇಕೆಂದೇ ಉಳಿಸುತ್ತಾರೆ. ಚಚ್ಚೌಕವಾದ ಕಂಬಗಳನ್ನು ಬಿಟ್ಟು ನಡುವಿನದನ್ನು ತೆಗೆಯುವುದು ಹಳೆಯ ಪದ್ಧತಿ. ಕಂಬವು ಎಷ್ಟು ದಪ್ಪವಿರಬೇಕು? ದಪ್ಪವಾದಷ್ಟೂ ಸುರಕ್ಷತೆ ಹೆಚ್ಚು, ಲಾಭ ಕಡಿಮೆ. ದಕ್ಷಿಣ ಆಫ್ರಿಕದ ಕೋಲ್‌ಬ್ರುಕ್ ಗಣಿಯಲ್ಲಿ ಕಂಬಗಳನ್ನು ಮೊದಲು ಬಿಟ್ಟಂತೆಯೇ ಬಿಟ್ಟು, ಆಮೇಲೆ ಸೂರಿನ ಕಡೆಯ ಕಲ್ಲಿದ್ದಲನ್ನೂ ಕೆರೆದು ತೆಗೆದರು. ಹೀಗೆ ದಪ್ಪವು ಅಷ್ಟೇ ಇದ್ದು ಎತ್ತರವು ಹೆಚ್ಚಿತು. 1959ರ ಡಿಸೆಂಬರ್ 28ರಂದು ಒಂದು ಭಾಗ ಕುಸಿಯಿತು. ಕೆಲಸ ಮುಂದುವರಿಯಿತು. 1960ರ ಜನವರಿ 21ರಂದು ಕಂಬಗಳು ಒಂದರ ಬೆನ್ನಿಗೊಂದರಂತೆ, ಮುನ್ನೂರು ಹೆಕ್ಟೇರಿಗೂ ಮಿಕ್ಕ ವಿಸ್ತಾರದಲ್ಲಿ ಮುರಿದುಬಿದ್ದು 435 ಮಂದಿ ಒಳಗೇ ಉಳಿದರು. ಅವರ ದೇಹಗಳನ್ನು ಹೊರಗೆ ತರಲಾಗಲಿಲ್ಲ.

ಆ ದುರಂತದ ತರುವಾಯ ಸಲಮೊನ್ ಮತ್ತು ಮನ್ರೊ ಎಂಬಿಬ್ಬರು ಆ ದೇಶದ ಗಣಿಗಳಿಂದ ಕುಸಿದ 27 ಪ್ರಕರಣಗಳನ್ನೂ ನಿಂತಿರುವ 98 ಪ್ರಕರಣಗಳನ್ನೂ ಸಂಗ್ರಹಿಸಿ, 1967ರಲ್ಲಿ ಕಂಬದ ಬಲಕ್ಕೆ ಒಂದು ಸೂತ್ರವನ್ನು ಕೊಟ್ಟರು. ಪ್ರಯೋಗಶಾಲೆಯಲ್ಲಿ ಅಂಗೈಯಗಲದ ಕಲ್ಲಿದ್ದಲ ತುಂಡನ್ನು ಒತ್ತಿ ನೋಡಿ ಹನ್ನೆರಡು ಮೀಟರಿನ ಕಂಬದ ಬಲವನ್ನು ಊಹಿಸುವುದನ್ನು ಬಿಟ್ಟು, ನಿಜವಾಗಿ ನಿಂತ ಮತ್ತು ಬಿದ್ದ ಕಂಬಗಳನ್ನೇ ಸಾಕ್ಷಿಯಾಗಿ ಕರೆದುದು ಅವರ ವಿವೇಕ. ಆ ಸೂತ್ರದ ಪ್ರಕಾರ ದಪ್ಪವನ್ನು ಬದಲಾಯಿಸದೆ ಎತ್ತರವನ್ನು ಇಮ್ಮಡಿಸಿದರೆ ಕಂಬದ ಬಲವು ನೂರರಿಂದ ಸುಮಾರು ಅರುವತ್ತಮೂರಕ್ಕೆ ಇಳಿಯುತ್ತದೆ. ಲೆಕ್ಕವು ಏಳು ವರ್ಷ ಮೊದಲು ದೊರೆತಿದ್ದರೆ ಕೋಲ್‌ಬ್ರುಕ್ ಉಳಿಯುತ್ತಿತ್ತೇ ಎಂದು ಕೇಳಿದರೆ, ಡಿಸೆಂಬರಿನ ಕುಸಿತವನ್ನು ಕಂಡೂ ನಿಲ್ಲಿಸದವರು ಲೆಕ್ಕವನ್ನು ಕಂಡು ನಿಲ್ಲಿಸುತ್ತಿದ್ದರೆಂದು ಹೇಳಲು ನನಗೆ ಮನಸ್ಸು ಬಾರದು.

ತೆರೆದ ಗಣಿಯಲ್ಲಿ ಪ್ರಶ್ನೆಯು ಕಂಬದ್ದಲ್ಲ, ಇಳಿಜಾರಿನದು. 300 ಮೀಟರು ಆಳದ ಗುಂಡಿಯ ಗೋಡೆಯನ್ನು 45 ಡಿಗ್ರಿಯ ಬದಲು 46 ಡಿಗ್ರಿಗೆ ನಿಲ್ಲಿಸಿದರೆ, ಮೇಲಿನ ಅಂಚು ಸುಮಾರು ಹತ್ತು ಮೀಟರು ಒಳಗೆ ಸರಿಯುತ್ತದೆ; ಒಂದು ಕಿಲೋಮೀಟರು ಉದ್ದದ ಗೋಡೆಯಲ್ಲಿ ಅಗೆಯಬೇಕಾಗಿದ್ದ ನಿರುಪಯುಕ್ತ ಬಂಡೆಯಲ್ಲಿ 40 ಲಕ್ಷ ಟನ್ನು ಉಳಿತಾಯವಾಗುತ್ತದೆ. ಒಂದೇ ಒಂದು ಡಿಗ್ರಿ! ಕಂಪನಿಯ ಲೆಕ್ಕಿಗರು ಎಂಜಿನಿಯರನ ಬಾಗಿಲಿಗೆ ಮತ್ತೆ ಮತ್ತೆ ಏಕೆ ಬರುತ್ತಾರೆಂಬುದು ಇದರಿಂದ ತಿಳಿದೀತು. ಕಡಿದಾದ ಗೋಡೆಯನ್ನು ಒಪ್ಪಿಕೊಳ್ಳುವುದು ತಪ್ಪೇನಲ್ಲ. ಒಪ್ಪಿಕೊಂಡ ಮೇಲೆ ಅದನ್ನು ಕಣ್ಣಿಟ್ಟು ಕಾಯಬೇಕಾದುದು ಅದಕ್ಕೆ ತೆರುವ ಬೆಲೆ.

ಅಂಥ ಕಾವಲಿನ ಅತ್ಯುತ್ತಮ ನಿದರ್ಶನವು ಅಮೆರಿಕದ ಯೂಟಾ ಸಂಸ್ಥಾನದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯದು. ಅಲ್ಲಿನ ಈಶಾನ್ಯ ಗೋಡೆಯಲ್ಲಿ ಮ್ಯಾನಿಫೇ ಎಂಬ ದುರ್ಬಲ ಪದರದ ಮೇಲೆ ಬಂಡೆಯು ಚಲಿಸುತ್ತಿರುವುದನ್ನು 2013ರ ಆರಂಭದಲ್ಲಿ ಉಪಕರಣಗಳು ತೋರಿಸಿದುವು. ದೂರದಲ್ಲಿ ನಿಂತು ಗೋಡೆಯನ್ನು ನಿಮಿಷ ನಿಮಿಷಕ್ಕೂ ಸ್ಕ್ಯಾನ್ ಮಾಡಿ, ಮಿಲಿಮೀಟರಿಗಿಂತ ಕಡಿಮೆಯ ಸರಿತವನ್ನೂ ಹಿಡಿಯುವ ರಾಡಾರು ಈಗಿನ ಕಾಲದ ದೊಡ್ಡ ಕೊಡುಗೆ. ಸರಿಯುವ ವೇಗವು ದಿನದಿನಕ್ಕೂ ಏರುತ್ತ ಹೋದಾಗ, ವೇಗದ ವ್ಯುತ್ಕ್ರಮವನ್ನು ಕಾಲಕ್ಕೆದುರಾಗಿ ಗುರುತಿಸಿದರೆ ಅದು ಬಹುಮಟ್ಟಿಗೆ ಸರಳರೇಖೆಯಾಗಿ ಇಳಿದು ಸೊನ್ನೆಯನ್ನು ಮುಟ್ಟುವ ದಿನವೇ ಕುಸಿತದ ದಿನವೆಂದು ಜಪಾನಿನ ಫುಕುಜೊನೊ 1985ರಲ್ಲಿ ತೋರಿಸಿದ್ದರು. ಬಿಂಗಮ್ಮಿನವರು ಸಂದರ್ಶಕರ ಕೇಂದ್ರವನ್ನು ಮುಚ್ಚಿದರು, ಸಾಮಗ್ರಿಗಳನ್ನು ಸಾಗಿಸಿದರು, ಕುಸಿತದ ದಿನ ಬೆಳಗ್ಗೆಯೇ ಗುಂಡಿಯಿಂದ ಜನರನ್ನೆಲ್ಲ ಹೊರಕ್ಕೆ ಕರೆದರು. ಏಪ್ರಿಲ್ 10ರ ರಾತ್ರಿ, ಒಂದೂವರೆ ಗಂಟೆಯ ಅಂತರದಲ್ಲಿ ಎರಡು ಸಲವಾಗಿ, 14 ಕೋಟಿ ಟನ್ನಿಗೂ ಮಿಕ್ಕ ಬಂಡೆಯು ಗುಂಡಿಯ ತಳಕ್ಕೆ ಇಳಿಯಿತು. ಒಬ್ಬರಿಗೂ ಗಾಯವಾಗಲಿಲ್ಲ. ಇಷ್ಟು ನಿಖರವಾದ ಕೆಲಸದಲ್ಲಿಯೂ ಒಂದು ಊಹೆ ತಪ್ಪಿತು: ಬಂಡೆಯು ಎಣಿಸಿದುದಕ್ಕಿಂತ ಬಹುದೂರ ಹರಿದು, ಸುರಕ್ಷಿತವೆಂದು ನಿಲ್ಲಿಸಿದ್ದ ಭಾರಿ ಟ್ರಕ್ಕುಗಳನ್ನೂ ಅಗೆಯುವ ಯಂತ್ರಗಳನ್ನೂ ಹೂತುಹಾಕಿತು. ಕಾಲವನ್ನು ಸರಿಯಾಗಿ ಹೇಳಿದವರಿಗೂ ದೂರವನ್ನು ಹೇಳಲಾಗಲಿಲ್ಲ. ನಮ್ಮ ದೇಶದಲ್ಲಿ 2016ರ ಡಿಸೆಂಬರ್ 29ರಂದು ಜಾರ್ಖಂಡದ ರಾಜಮಹಲ್ ಕಲ್ಲಿದ್ದಲ ಗಣಿಯಲ್ಲಿ ರಾಶಿ ಹಾಕಿದ್ದ ಮಣ್ಣು ಕುಸಿದು 23 ಮಂದಿ ಸತ್ತರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅದಿರನ್ನು ಅರೆದು ಲೋಹವನ್ನು ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರನ್ನು, ಟೇಲಿಂಗ್ಸನ್ನು, ಕಟ್ಟೆಗಳ ಹಿಂದೆ ಕೂಡಿಡುವುದು ಇನ್ನೊಂದು ಜವಾಬ್ದಾರಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಭಯಂಕರವಾದ ಜವಾಬ್ದಾರಿ, ಏಕೆಂದರೆ ಇಲ್ಲಿ ಅಪಾಯಕ್ಕೆ ಗುರಿಯಾಗುವವರು ಕಣಿವೆಯ ಕೆಳಗೆ ಬದುಕುವ, ಗಣಿಗೆ ಸಂಬಂಧಪಡದ ಜನರೂ ಹೌದು. ಕೆಸರಿನ ಕಣಗಳ ನಡುವಿನ ನೀರಿನ ಒತ್ತಡವು ಏರಿದಂತೆ ಕಣಕಣಗಳ ಹಿಡಿತ ಸಡಿಲವಾಗುತ್ತದೆಂಬುದು ಮಣ್ಣಿನ ಶಾಸ್ತ್ರದ ಪ್ರವರ್ತಕರಾದ ಟೆರ್ಜಾಗಿಯವರು ಹಾಕಿಕೊಟ್ಟ ಅಡಿಗಲ್ಲು. ಹಿಡಿತವು ಒಮ್ಮೆಗೇ ತಪ್ಪಿದರೆ ಗಟ್ಟಿಯಾಗಿ ಕಾಣುತ್ತಿದ್ದ ರಾಶಿಯು ದ್ರವವಾಗಿ ಹರಿಯುತ್ತದೆ. ಬ್ರೆಜಿಲಿನ ಬ್ರುಮಾದಿನ್ಯೊ ಬಳಿ 2019ರ ಜನವರಿ 25ರ ಮಧ್ಯಾಹ್ನ ಆದುದು ಇದೇ. ಹೊಸ ಕೆಸರನ್ನು ಹಾಕುವುದನ್ನು ನಿಲ್ಲಿಸಿದ್ದ, 86 ಮೀಟರು ಎತ್ತರದ ಕಟ್ಟೆ; ಅದರ ನೇರ ಕೆಳಗೆ ಕಾರ್ಮಿಕರ ಊಟದ ಮನೆ; ಸತ್ತವರು 270. ಆ ಕಟ್ಟೆಗೆ ಸ್ಥಿರತೆಯ ಪ್ರಮಾಣಪತ್ರವಿತ್ತು. ಪರೀಕ್ಷಕರ ಲೆಕ್ಕದಲ್ಲಿ ಒಂದು ಸ್ಥಿತಿಗೆ ಬಂದ ಸುರಕ್ಷತಾ ಗುಣಾಂಕ 1.09, ಅಂದರೆ ಹೊರುವ ಬಲವು ಹೊರೆಗಿಂತ ನೂರಕ್ಕೆ ಒಂಬತ್ತರಷ್ಟು ಮಾತ್ರ ಹೆಚ್ಚು. ಗುಣಾಂಕವು ಬಂದ ಉತ್ತರ. ಸಹಿಯು ಮನುಷ್ಯನ ನಿರ್ಧಾರ. ಎಷ್ಟಾದರೆ ಸಾಕು ಎಂಬುದನ್ನು ಅಂಕಿಯು ತಾನಾಗಿ ಹೇಳುವುದಿಲ್ಲ.

ನಮ್ಮ ಕುದುರೆಮುಖದಲ್ಲಿ ಲಕ್ಯಾ ಹೊಳೆಗೆ ಕಟ್ಟಿದ, ಸುಮಾರು 100 ಮೀಟರು ಎತ್ತರದ ಮಣ್ಣಿನ ಕಟ್ಟೆಯ ಹಿಂದೆ ಕಬ್ಬಿಣದ ಅದಿರಿನ ಕೆಸರು ತುಂಬಿದೆ. ವರ್ಷಕ್ಕೆ ಆರೇಳು ಮೀಟರು ಮಳೆ ಸುರಿಯುವ, ಭದ್ರೆಯ ಜಲಾನಯನದ ಪ್ರದೇಶವದು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಗಣಿಗಾರಿಕೆಯು 2005ರ ಕೊನೆಗೆ ನಿಂತಿತು. ಕಟ್ಟೆಯ ಕೆಲಸ ನಿಲ್ಲಲಿಲ್ಲ, ನಿಲ್ಲುವಂತೆಯೂ ಇಲ್ಲ; ಕೆಸರನ್ನು ಹಿಡಿದಿಡುವುದಕ್ಕೆ ಅವಧಿಯೆಂಬುದಿಲ್ಲ.

ಇಷ್ಟು ಹೇಳಿದ ಮೇಲೆ ಎಂಜಿನಿಯರನು ಯಾರ ಅಧೀನನಾಗಿರಬೇಕೆಂಬ ಪ್ರಶ್ನೆಗೆ ಬರಲೇಬೇಕು. ಬಹಳ ಕಾಲ ಅವನು ಉತ್ಪಾದನೆಯ ಹೊಣೆ ಹೊತ್ತ ವ್ಯವಸ್ಥಾಪಕನ ಕೈಕೆಳಗಿದ್ದನು. ತಿಂಗಳ ಕೊನೆಗೆ ಇಷ್ಟು ಟನ್ನು ಕೊಡಲೇಬೇಕಾದವನಿಗೆ ‘ಇಂದು ಕೆಲಸ ಬೇಡ’ ಎಂದು ಅವನ ನೌಕರನೇ ಹೇಳಬೇಕಾಗಿತ್ತು. ಹೇಳಿದವರಿದ್ದರು, ಹೇಳಿ ಬೇರೆ ಕೆಲಸ ಹುಡುಕಿಕೊಂಡವರೂ ಇದ್ದರು. ಬ್ರುಮಾದಿನ್ಯೊ ದುರಂತದ ತರುವಾಯ 2020ರ ಆಗಸ್ಟಿನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಟೇಲಿಂಗ್ಸ್ ಮಾನದಂಡವು, ಪ್ರತಿಯೊಂದು ಕಟ್ಟೆಗೂ ಹೆಸರು ಹೇಳಿ ಒಬ್ಬ ಎಂಜಿನಿಯರನನ್ನು ಹೊಣೆಗಾರನಾಗಿ ನೇಮಿಸಬೇಕೆಂದೂ, ಕಂಪನಿಯ ಮುಖ್ಯಸ್ಥನಿಗೆ ನೇರವಾಗಿ ಉತ್ತರ ಕೊಡಬೇಕಾದ ಹಿರಿಯ ಅಧಿಕಾರಿಯೊಬ್ಬನಿರಬೇಕೆಂದೂ, ಹೊರಗಿನ ಸ್ವತಂತ್ರ ಪರಿಶೀಲನೆ ನಡೆಯಬೇಕೆಂದೂ ವಿಧಿಸಿತು. ಕಟ್ಟೆಗೆ ವಿಧಿಸಿದುದನ್ನು ಕಂಬಕ್ಕೂ ಇಳಿಜಾರಿಗೂ ಏಕೆ ವಿಧಿಸಬಾರದೆಂಬುದು ನನ್ನ ಪ್ರಶ್ನೆ. ಸಾವಿರ ಮೀಟರಿನತ್ತ ಇಳಿಯುತ್ತಿರುವ ನಮ್ಮ ಹಟ್ಟಿ ಚಿನ್ನದ ಗಣಿಯ ವಿಷಯದಲ್ಲಿಯೂ ಇದನ್ನು ಈಗಲೇ ಯೋಚಿಸಬೇಕು. ಕೋಲಾರದ ಅನುಭವವೆಲ್ಲ ನಮ್ಮದೇ ನಾಡಿನಲ್ಲಿ ದಾಖಲಾಗಿ ಕುಳಿತಿರುವಾಗ, ಅದನ್ನು ಎರಡನೆಯ ಸಲ ಬೆಲೆ ಕೊಟ್ಟು ಕೊಳ್ಳುವುದು ಜಾಣತನವಲ್ಲ.

ಕೊನೆಯದಾಗಿ ಗಣಿ ಮುಚ್ಚಿದ ಮೇಲಿನ ಮಾತೊಂದು. ಕೋಲಾರದಲ್ಲಿ 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಪಂಪುಗಳು ನಿಂತುದರಿಂದ ಪೊಳ್ಳುಗಳಲ್ಲಿ ನೀರು ಏರತೊಡಗಿ, ಬಂಡೆಯ ಹಳೆಯ ಸೀಳುಗಳಿಗೆ ನುಗ್ಗಿ, ಒಬ್ಬ ಮನುಷ್ಯನೂ ಕೆಳಗಿಲ್ಲದಿದ್ದರೂ ಕಂಪನಗಳು ಬರುತ್ತಲೇ ಇದ್ದುವು. ಶಿಲಾ ಯಂತ್ರಶಾಸ್ತ್ರ ಸಂಸ್ಥೆಯವರು ಅವುಗಳನ್ನು ದಾಖಲಿಸಿ ಅಭ್ಯಾಸ ಮಾಡಿದ್ದಾರೆ. ಗಣಿಯೇ ಇಲ್ಲದಾಗ ಈ ಕಾವಲಿನ ವೆಚ್ಚವನ್ನು ಕೊಡತಕ್ಕವರು ಯಾರು? ನಮ್ಮಲ್ಲಿ ಗಣಿ ನಿಯಮಗಳಿಗಾದ 2003ರ ತಿದ್ದುಪಡಿಯಿಂದೀಚೆಗೆ ಗಣಿಯನ್ನು ನಡೆಸುವವರು ಮುಚ್ಚುವ ಯೋಜನೆಯನ್ನು ಮೊದಲೇ ಸಲ್ಲಿಸಿ, ಅದಕ್ಕೆ ಹಣದ ಭರವಸೆಯನ್ನೂ ಕೊಡಬೇಕು. ಒಳ್ಳೆಯ ನಿಯಮ, ಕೋಲಾರಕ್ಕೆ ಎರಡು ವರ್ಷ ತಡವಾಗಿ ಬಂದ ನಿಯಮ. ಆದರೆ ಆ ಹಣವನ್ನು ಎಣಿಸುವುದು ಬಳಸಿದ ನೆಲದ ಹೆಕ್ಟೇರಿಗೆ ಇಷ್ಟೆಂದು. ಮೂರು ಕಿಲೋಮೀಟರು ಕೆಳಕ್ಕೆ ಹೋದ ಗಣಿಗೂ ಮೂವತ್ತು ಮೀಟರು ಕೆರೆದ ಗಣಿಗೂ ಮೇಲಿನ ಹೆಕ್ಟೇರು ಒಂದೇ ಆಗಬಹುದು. ಆಳವನ್ನೂ, ಉಳಿಸಿಹೋದ ಕಂಬಗಳನ್ನೂ, ಕೂಡಿಟ್ಟ ಕೆಸರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ಮೊತ್ತವನ್ನು ಗೊತ್ತುಮಾಡುವ ಕೋಷ್ಟಕವನ್ನು ರಚಿಸಿಕೊಡಲು ಭೂತಾಂತ್ರಿಕ ಎಂಜಿನಿಯರರಿಗೆ ಸಾಧ್ಯವಿದೆ; ಅದನ್ನು ಅವರಿಂದ ಕೇಳಿ ಪಡೆಯುವ ಕೆಲಸ ಸರ್ಕಾರದ್ದು.